ಹಳೆಯ ಪೆಟ್ಟಿಗೆ, ಹಳೆಯ ದನಿ

ಆಟಿ ತಿಂಗಳ ಮಳೆ ತುಸು ಬಿಡುವು ಕೊಟ್ಟ ಒಂದು ಮಧ್ಯಾಹ್ನ, ಕುಂಬಳೆ ಪೇಟೆಯ ರೇಡಿಯೋ ರಿಪೇರಿ ಅಂಗಡಿಯೊಂದರ ಮುಂದೆ ರಿಕ್ಷಾ ಬಂದು ನಿಂತಿತು. ಇಳಿದವರು ಬೇಳದ ಕಡೆಯ ಒಬ್ಬ ವೃದ್ಧೆ. ಅವರ ಹಿಂದೆ ಇಗರ್ಜಿಯ ಗಾಯನ ತಂಡದಲ್ಲಿ ಗಿಟಾರ್ ನುಡಿಸುವ ಮೊಮ್ಮಗ. ಹಳೆಯ ಹೊದಿಕೆಯಲ್ಲಿ ಸುತ್ತಿದ ಪೆಟ್ಟಿಗೆಯೊಂದನ್ನು ಅವನು ಮಗುವನ್ನು ಎತ್ತಿಕೊಂಡಂತೆ ಎದೆಗವಚಿ ತಂದಿದ್ದ.

ಹೊದಿಕೆ ಬಿಚ್ಚಿದಾಗ ಕಂಡದ್ದು ಗಿಟಾರಿನ ಆಂಪ್ಲಿಫಯರ್. ಕರಿಯ ಹೊದಿಕೆ ಅಲ್ಲಲ್ಲಿ ಎದ್ದಿತ್ತು, ಮುಂಭಾಗದ ಬಟ್ಟೆಯಲ್ಲಿ ಬೂಸಿನ ಕಲೆಗಳಿದ್ದವು. ಮೇಲಿನ ಬೆಳ್ಳಿಬಣ್ಣದ ಪಟ್ಟಿಯಲ್ಲಿ ‘ಚಾಂಪ್’ ಎಂಬ ಹೆಸರು ಮಾತ್ರ ಸ್ಪಷ್ಟವಾಗಿ ಉಳಿದಿತ್ತು. ಹಡಗಿನಲ್ಲಿ ದುಡಿಯುತ್ತಿದ್ದ ಗಂಡ ಅದನ್ನು ಅಮೆರಿಕದ ಯಾವುದೋ ಬಂದರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡು ತಂದಿದ್ದರಂತೆ. ರಜೆಯಲ್ಲಿ ಊರಿಗೆ ಬಂದಾಗ ಸಂಜೆ ಜಪಮಾಲೆಯ ಪ್ರಾರ್ಥನೆ ಮುಗಿದ ಮೇಲೆ ಜಗಲಿಯಲ್ಲಿ ಕುಳಿತು ನುಡಿಸುತ್ತಿದ್ದರು. ಅವರು ತೀರಿಹೋದ ಮೇಲೆ ಪೆಟ್ಟಿಗೆ ಅಟ್ಟ ಸೇರಿತು. ಈಗ ಮೊಮ್ಮಗನಿಗೆ ಅದು ಬೇಕಾಗಿದೆ. ಅಷ್ಟರಲ್ಲಿ ಅದರ ಚಿತ್ರವನ್ನು ಎಲ್ಲಿಂದಲೋ ನೋಡಿದ ದೂರದ ನಗರದ ಸಂಗ್ರಾಹಕರೊಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ. ಅವರದು ಒಂದೇ ಷರತ್ತು: ಒಳಗೆ ಯಾರೂ ಕೈಯಾಡಿಸಿರಬಾರದು.

“ಮಾರುವುದೋ ಇಟ್ಟುಕೊಳ್ಳುವುದೋ ಆಮೇಲೆ ನೋಡುವ ಮಗಾ. ಮೊದಲಿನ ಹಾಗೆ ಕೇಳಿಸುತ್ತದೋ ಹೇಳು,” ಎಂದರು ಬಾಯಮ್ಮ.

ಅಂಗಡಿಯವರು ಕೂಡಲೇ ಉತ್ತರಿಸಲಿಲ್ಲ. ಮೂವತ್ತು ವರ್ಷ ರೇಡಿಯೋ, ಟೇಪ್‌ರೆಕಾರ್ಡರ್ ಹಾಗೂ ಯಕ್ಷಗಾನ ಮೇಳಗಳ ಧ್ವನಿವರ್ಧಕಗಳನ್ನು ಸರಿಪಡಿಸಿದ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಆದರೆ ಅದು ಕೊರತೆಯೆಂದು ಅವರಿಗೆ ಅನಿಸಲೂ ಇಲ್ಲ. ಈ ಆಂಪ್ಲಿಫಯರಿಗೆ ತನ್ನ ಹೆಸರು ಕೊಟ್ಟ ಲಿಯೋ ಫೆಂಡರ್ ಸಹ ಗಿಟಾರ್ ನುಡಿಸಲು ಕಲಿತವರಲ್ಲ. 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ ಆತ, ಅಂಗಡಿಗೆ ಬರುತ್ತಿದ್ದ ವಾದಕರ ದೂರುಗಳನ್ನು ಕೇಳಿ ಕೇಳಿಯೇ ಗಿಟಾರು, ಆಂಪ್ಲಿಫಯರುಗಳ ತಯಾರಿಗೆ ಇಳಿದವರು. 1965ರಲ್ಲಿ ತನ್ನ ಉದ್ಯಮವನ್ನು ಸಿಬಿಎಸ್ ಸಂಸ್ಥೆಗೆ ಮಾರಿದರು. ಮೇಜಿನ ಮೇಲಿದ್ದ ಪೆಟ್ಟಿಗೆ ಆ ಮಾರಾಟದ ನಂತರದ ಕಾಲದ್ದು.

ಎಷ್ಟು ನಂತರದ್ದು ಎಂಬುದನ್ನು ಪೆಟ್ಟಿಗೆಯೇ ಹೇಳಬಲ್ಲುದು. ಹಳೆಯ ಅಮೆರಿಕನ್ ಬಿಡಿಭಾಗಗಳ ಮೇಲೆ ತಯಾರಕರ ಸಂಖ್ಯೆ, ವರ್ಷ, ವಾರ ಇವುಗಳನ್ನು ಅಂಕೆಗಳಲ್ಲಿ ಒತ್ತುವ ಪದ್ಧತಿಯಿತ್ತು. ಸ್ಪೀಕರಿನ ಹಿಂಬದಿಯ ಧೂಳನ್ನು ಒರಸಿದಾಗ 465, ಅದರ ಪಕ್ಕದಲ್ಲಿ 217 ಎಂದು ಕಂಡಿತು. 465 ಎಂದರೆ ಆಕ್ಸ್‌ಫರ್ಡ್ ಎಂಬ ಸ್ಪೀಕರ್ ಕಂಪನಿ. ಉಳಿದ ಅಂಕೆಗಳಲ್ಲಿ 2 ವರ್ಷದ ಕೊನೆಯ ಅಂಕೆ, 17 ವಾರ. ಇದು 1962 ಆಗಿರಬಹುದೋ 1972 ಆಗಿರಬಹುದೋ? ಬೆಳ್ಳಿಬಣ್ಣದ ಪಟ್ಟಿ ಬಂದದ್ದು 1968ರ ಹೊತ್ತಿಗೆ, ಆದ್ದರಿಂದ 1972. ಧ್ವನಿಯನ್ನು ಏರಿಸಿ ಇಳಿಸುವ ನಿಯಂತ್ರಕದ ಬೆನ್ನಲ್ಲಿ 137 ಮತ್ತು 7143 ಎಂದಿತ್ತು: ಸಿಟಿಎಸ್ ಕಂಪನಿ, 1971ನೆಯ ಇಸವಿ, 43ನೆಯ ವಾರ. ಬಿಡಿಭಾಗಗಳಲ್ಲಿ ಅತಿ ಹೊಸದು ಯಾವುದೋ ಅದಕ್ಕಿಂತ ಹಿಂದೆ ಪೆಟ್ಟಿಗೆ ಹುಟ್ಟಿರಲಾರದು. ಹೀಗೆ 1972ರ ಏಪ್ರಿಲ್ ಕೊನೆಯ ನಂತರ ಅದು ಜೋಡಣೆಯಾಯಿತೆಂಬುದು ಖಚಿತವಾಯಿತು. ಸ್ಪೀಕರು ಮೂಲದ್ದೇ ಎಂಬುದೂ ತಿಳಿಯಿತು. ಸಂಗ್ರಾಹಕರು ಬೆಲೆ ಕಟ್ಟುವುದು ಮುಖ್ಯವಾಗಿ ಇಂತಹ ಸಾಕ್ಷ್ಯಗಳಿಗೆ.

ಈ ಲೆಕ್ಕಗಳನ್ನೆಲ್ಲ ಬರೆದುಕೊಳ್ಳುತ್ತಿದ್ದವಳು ಅಂಗಡಿಯವರ ಮಗಳು. ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿ. ಶಾಲೆ ಬಿಟ್ಟ ಮೇಲೆ ಅಂಗಡಿಯ ಒಳಬದಿಯ ಮೇಜಿನಲ್ಲಿ ಓದಿಕೊಳ್ಳುವುದು ಅವಳ ರೂಢಿ. ಆ ದಿನಗಳಲ್ಲಿ ಮನೆಯಲ್ಲಿ ಒಂದೇ ಮಾತು. ಮುಂದಿನ ವರ್ಷ ಪ್ಲಸ್ ವನ್ ವಿಜ್ಞಾನ, ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಹತ್ತು ವರ್ಷ ಕನ್ನಡದಲ್ಲಿ ಕಲಿತದ್ದು ಅಲ್ಲಿ ಬಂಡವಾಳವಾದೀತೋ ಹೊರೆಯಾದೀತೋ ಎಂಬ ಅಳುಕು ಹೊತ್ತ ತಾಯಿ, ತಂಗಿಯನ್ನಾದರೂ ಈಗಲೇ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಬೇಕೆಂದು ಹಟ ಹಿಡಿದಿದ್ದರು. ತಂದೆ ಯಾವ ಮಾತನ್ನೂ ಆಡಿರಲಿಲ್ಲ. ಅವರ ಬಳಿ ಉತ್ತರವಿರಲಿಲ್ಲ.

ಮೊದಲ ಕೆಲಸ ಪ್ಲಗ್ಗನ್ನು ನೋಡುವುದು. ಭೂಸಂಪರ್ಕದ ತಂತಿಯನ್ನು ಯಾರೋ ಕತ್ತರಿಸಿ, ಎರಡು ಕಾಲಿನ ಪ್ಲಗ್ ಕೂಡಿಸಿದ್ದರು. ಅಮೆರಿಕದ ಮನೆಗಳ ವಿದ್ಯುತ್ತು ಸುಮಾರು 120 ವೋಲ್ಟ್, ನಮ್ಮದು 230. ಹೀಗಾಗಿ ವೋಲ್ಟೇಜ್ ಇಳಿಸುವ ಒಂದು ಹಳೆಯ ಡಬ್ಬವೂ ಜೊತೆಗಿತ್ತು. ಅದಕ್ಕೂ ಎರಡೇ ಕಾಲು. ಇದನ್ನು ನೋಡಿ ಅಂಗಡಿಯವರ ಮುಖ ಗಂಭೀರವಾಯಿತು.

ಕಾರಣ ಸರಳ. ಗಿಟಾರಿನ ತಂತಿಗಳು ಕೇಬಲ್ಲಿನ ಹೊರಪದರದ ಮೂಲಕ ಆಂಪ್ಲಿಫಯರಿನ ಲೋಹದ ಚಾಸಿಗೆ ಸೇರಿರುತ್ತವೆ. ಒಳಗೆಲ್ಲೋ ನಿರೋಧಕ ಹೊದಿಕೆ ಸವೆದು ಮನೆಯ ವಿದ್ಯುತ್ತು ಚಾಸಿಗೆ ತಗಲಿತೆನ್ನೋಣ. ಭೂಸಂಪರ್ಕವಿದ್ದರೆ ಫ್ಯೂಸ್ ಹಾರುತ್ತದೆ, ಅಷ್ಟಕ್ಕೇ ಮುಗಿಯಿತು. ಭೂಸಂಪರ್ಕವಿಲ್ಲದಿದ್ದರೆ ಆ ವಿದ್ಯುತ್ತು ತಂತಿಗಳ ಮೇಲೆ ಕಾಯುತ್ತ ಕುಳಿತಿರುತ್ತದೆ. ನುಡಿಸುವವನು ಹಾಡಲೆಂದು ಮೈಕಿಗೆ ತುಟಿ ತಾಗಿಸಿದ ಕ್ಷಣದಲ್ಲಿ ಅದಕ್ಕೆ ದಾರಿ ಸಿಗುತ್ತದೆ, ಅವನ ಮೈಯ ಮೂಲಕವೇ.

“ನಿಮ್ಮ ಯಜಮಾನರ ಪುಣ್ಯ ದೊಡ್ಡದು ಬಾಯಮ್ಮ,” ಎಂದಷ್ಟೇ ಹೇಳಿ, ಆ ಎರಡು ಕಾಲಿನ ಪ್ಲಗ್ಗನ್ನು ಅಲ್ಲಿಯೇ ಕತ್ತರಿಸಿದರು. ಮುಟ್ಟಬಾರದೆಂಬ ಸಂಗ್ರಾಹಕರ ಷರತ್ತು ಅಲ್ಲಿಗೇ ಮುರಿಯಿತು. ಬಾಯಮ್ಮ ತಡೆಯಲಿಲ್ಲ. ಮೊಮ್ಮಗನ ಬೆರಳುಗಳನ್ನು ಒಮ್ಮೆ ನೋಡಿ, “ಏನು ಬೇಕೋ ಮಾಡು,” ಎಂದು ರಿಕ್ಷಾ ಹತ್ತಿದರು.

ಮರುದಿನದಿಂದ ಕೆಲಸ ಆರಂಭವಾಯಿತು. ಇದರೊಳಗೆ ಇರುವುದು ಮೂರೇ ವಾಲ್ವುಗಳು. ಒಂದು, ಮನೆಯ ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುವ 5ವೈ3. ಇನ್ನೊಂದು, ಗಿಟಾರಿನ ಕ್ಷೀಣ ಸಂಕೇತವನ್ನು ಹಿಗ್ಗಿಸುವ 12ಎಎಕ್ಸ್7. ಮೂರನೆಯದು, ಸ್ಪೀಕರನ್ನು ದುಡಿಸುವ 6ವಿ6. ಇವು ಮೂರೂ ಸೇರಿ ಹೊರಡಿಸುವ ಶಕ್ತಿ ಸುಮಾರು 6 ವ್ಯಾಟ್. ಎರಡನೆಯ ವಾಲ್ವನ್ನು ಹೊರತೆಗೆದು ಬೆಳಕಿಗೆ ಹಿಡಿದಾಗ ಅಂಗಡಿಯವರು ಮಗಳನ್ನು ಹತ್ತಿರ ಕರೆದರು. ಗಾಜಿನ ಮೇಲೆ ಮಾಸಿದ ಅಕ್ಷರಗಳಲ್ಲಿ ಬಿಇಎಲ್ ಎಂದಿತ್ತು. 12ಎಎಕ್ಸ್7ಕ್ಕೆ ಯುರೋಪಿನ ಕಡೆ ಇಸಿಸಿ83 ಎಂದು ಹೆಸರು. 1954ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಆರಂಭವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಿಂದ ರೇಡಿಯೋ ವಾಲ್ವುಗಳನ್ನು ತಯಾರಿಸತೊಡಗಿತ್ತು. ಮೂಲ ವಾಲ್ವು ಕೆಟ್ಟಾಗ ಆ ನಾವಿಕ ಬೆಂಗಳೂರಿನದನ್ನು ಕೂಡಿಸಿ ನುಡಿಸಿದ್ದರು. ಕ್ಯಾಲಿಫೋರ್ನಿಯಾದ ಪೆಟ್ಟಿಗೆ ಅದಕ್ಕೆ ಯಾವ ತಕರಾರನ್ನೂ ಎತ್ತಿದಂತಿರಲಿಲ್ಲ.

ಮೂರೂ ವಾಲ್ವುಗಳನ್ನು ಹೊರಗಿಟ್ಟು, ಮನೆಯ ವಿದ್ಯುತ್ತಿನ ದಾರಿಯಲ್ಲಿ ಒಂದು 60 ವ್ಯಾಟಿನ ಬಲ್ಬನ್ನು ಸರಣಿಯಾಗಿ ಸೇರಿಸಿ ಮೊದಲ ಪರೀಕ್ಷೆ ನಡೆಯಿತು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ಣ ಬೆಳಗುತ್ತದೆ, ಪೆಟ್ಟಿಗೆ ಸುಡುವುದು ತಪ್ಪುತ್ತದೆ. ಬಡ ಮೆಕ್ಯಾನಿಕನ ಈ ಉಪಾಯಕ್ಕೆ ದುಬಾರಿ ಉಪಕರಣ ಬೇಡ. ಬಲ್ಬಿನ ತಂತಿ ನಸುಗೆಂಪಾಗಿ ಹಾಗೆಯೇ ನಿಂತಿತು. ಟ್ರಾನ್ಸ್‌ಫಾರ್ಮರು ಸುರಕ್ಷಿತವಾಗಿದೆ ಎಂದರ್ಥ. ಅದು ಸುಟ್ಟಿದ್ದರೆ ದುರಸ್ತಿಯ ಮಾತೇ ಬೇರೆಯಾಗುತ್ತಿತ್ತು.

ಮುಂದಿನ ಪ್ರಶ್ನೆ ಕೆಪಾಸಿಟರುಗಳದು. ನೇರ ವಿದ್ಯುತ್ತಿನ ಏರಿಳಿತವನ್ನು ಸಮಗೊಳಿಸುವ ದೊಡ್ಡ ಕೆಪಾಸಿಟರುಗಳು ಒಂದೇ ಲೋಹದ ಡಬ್ಬಿಯಲ್ಲಿದ್ದವು. ಅವುಗಳ ಒಳಗಿನ ರಾಸಾಯನಿಕ ದ್ರವ ವರ್ಷಗಳು ಉರುಳಿದಂತೆ ಒಣಗುತ್ತದೆ. ಬಳಸಿದರೂ ಒಣಗುತ್ತದೆ, ಬಳಸದಿದ್ದರೂ ಒಣಗುತ್ತದೆ. ಡಬ್ಬಿಯ ಬುಡದಲ್ಲಿ ಬಿಳಿಯ ಹರಳು ಕಟ್ಟಿತ್ತು. ಅದು ಸೋರಿಕೆಯ ಗುರುತು. ಹಾಗೆಯೇ ಬಿಟ್ಟರೆ ಗುಂಯ್ ಎಂಬ ಸದ್ದು ಹೆಚ್ಚುತ್ತದೆ. ಕೊನೆಗೊಮ್ಮೆ ಪೂರ್ಣ ಶಾರ್ಟ್ ಆಗಿ ಟ್ರಾನ್ಸ್‌ಫಾರ್ಮರನ್ನೂ ಬಲಿ ತೆಗೆದುಕೊಳ್ಳುತ್ತದೆ.

ಇಲ್ಲಿ ಒಂದು ಧರ್ಮಸೂಕ್ಷ್ಮವಿದೆ. ಹಳೆಯ ಡಬ್ಬಿಯನ್ನು ಕೊಯ್ದು, ಒಳಗೆ ಹೊಸ ಕೆಪಾಸಿಟರನ್ನು ಅಡಗಿಸಿ, ಏನೂ ಆಗಿಲ್ಲವೆಂಬಂತೆ ಮುಚ್ಚುವ ಕುಶಲಿಗಳಿದ್ದಾರೆ. ಮುಚ್ಚಿದ್ದನ್ನು ಹೇಳಿಕೊಂಡರೆ ಅದು ಕೌಶಲ, ಹೇಳದೆ ಮಾರಿದರೆ ಮೋಸ. ಅಂಗಡಿಯವರು ಬೇರೆ ದಾರಿ ಹಿಡಿದರು. ಹಳೆಯ ಡಬ್ಬಿಯನ್ನು ಅದರ ಸ್ಥಳದಲ್ಲಿಯೇ ಬಿಟ್ಟು ಅದರ ಸಂಪರ್ಕಗಳನ್ನು ಮಾತ್ರ ಕಡಿದರು. ಹೊಸವನ್ನು ಚಾಸಿಯ ಕೆಳಬದಿಯಲ್ಲಿ, ತೆರೆದವರಿಗೆ ಕಾಣುವಂತೆ ಬೆಸೆದರು. ಸಣ್ಣ 25 ಮೈಕ್ರೋಫ್ಯಾರಡಿನ ಕೆಪಾಸಿಟರುಗಳೂ ಬದಲಾದವು. ಸಂಕೇತವನ್ನು ಒಂದು ವಾಲ್ವಿನಿಂದ ಇನ್ನೊಂದಕ್ಕೆ ದಾಟಿಸುವ ಕೆಪಾಸಿಟರುಗಳ ಜಾತಿ ಬೇರೆ, ಅವುಗಳಲ್ಲಿ ಒಣಗುವ ದ್ರವವಿಲ್ಲ. ಅಳೆದು ನೋಡಿದಾಗ ಸೋರಿಕೆ ಕಾಣಲಿಲ್ಲ. ಅವನ್ನು ಮುಟ್ಟಲಿಲ್ಲ.

“ಎಲ್ಲವನ್ನೂ ಹೊಸದು ಹಾಕಿಬಿಟ್ಟರೆ ಆಗುವುದಿಲ್ಲವಾ ಅಪ್ಪ?” ಎಂದು ಮಗಳು ಕೇಳಿದಳು.

“ಮದ್ದಳೆಗೆ ಹೊಸ ಮುಚ್ಚಿಗೆ ಹಾಕುತ್ತಾರೆ. ಕಳಸೆಯನ್ನು ಕೊರೆದು ಬಿಸಾಡುತ್ತಾರಾ?” ಎಂದರು ತಂದೆ. “ಸವೆಯುವುದು ಯಾವುದು, ಉಳಿಯುವುದು ಯಾವುದು ಎಂದು ತಿಳಿದರೆ ಅರ್ಧ ರಿಪೇರಿ ಮುಗಿಯಿತು.”

ಅವರು ಮಗಳಿಗೆ ಮೊದಲು ಕಲಿಸಿದ ಪಾಠ ಬೇರೆಯೇ ಇತ್ತು. ಪ್ಲಗ್ ಕಿತ್ತ ಮೇಲೂ ವಾಲ್ವು ಆಂಪ್ಲಿಫಯರಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮಿಕ್ಕ ವಿದ್ಯುತ್ತು ಉಳಿದಿರಬಹುದು. ಒಂದು ಕೈಯಿಂದ ಮುಟ್ಟಿ ಇನ್ನೊಂದು ಕೈ ಚಾಸಿಗೆ ತಾಗಿದರೆ ಅದು ಎದೆಯ ಮೂಲಕವೇ ಹಾಯುತ್ತದೆ. ಆದ್ದರಿಂದ ಪ್ರತಿಸಲವೂ 10 ಕಿಲೋಓಮಿನ ರೆಸಿಸ್ಟರಿನ ಮೂಲಕ ಅದನ್ನು ಖಾಲಿ ಮಾಡಬೇಕು, ಖಾಲಿಯಾಯಿತೇ ಎಂದು ಮೀಟರಿನಲ್ಲಿ ನೋಡಬೇಕು, ಆಮೇಲೆ ಕೈಯಿಡಬೇಕು. ಮಗಳಿಗೆ ಬರೆಯುವ ಕೆಲಸ ಮಾತ್ರ; ಒಳಗೆ ಕೈಹಾಕುವ ಅನುಮತಿ ಇರಲಿಲ್ಲ.

ಹೊಸ ಇಳಿಕೆ ಟ್ರಾನ್ಸ್‌ಫಾರ್ಮರನ್ನು ಸುತ್ತಿಸಿ ತಂದದ್ದಾಯಿತು. ಮೂರು ಕಾಲಿನ ಪ್ಲಗ್, ಚಾಸಿಗೆ ಬಿಗಿಯಾಗಿ ಬೋಲ್ಟು ಹಾಕಿದ ಭೂಸಂಪರ್ಕ, ಸರಿಯಾದ ಫ್ಯೂಸ್, ಎಲ್ಲವೂ ಕೂಡಿದವು. ವಾಲ್ವುಗಳನ್ನು ಸ್ವಸ್ಥಾನದಲ್ಲಿಟ್ಟು ವಿದ್ಯುತ್ತು ಹರಿಸಿದ ಸಂಜೆ ಮೂರು ಗಾಜುಗಳೊಳಗೆ ಕಿತ್ತಳೆಬಣ್ಣದ ಬೆಳಕು ಮೆಲ್ಲನೆ ಅರಳಿತು. ಎಷ್ಟೋ ವರ್ಷಗಳ ಬಳಿಕ ಪೆಟ್ಟಿಗೆ ಉಸಿರಾಡಿತ್ತು.

ಆದರೆ 6ವಿ6 ವಾಲ್ವು ಮುಟ್ಟಿದರೆ ಸುಡುವ ಮಾಮೂಲು ಬಿಸಿಗಿಂತಲೂ ಹೆಚ್ಚು ಕಾಯುತ್ತಿದೆಯೆಂಬ ಗುಮಾನಿ ಅಂಗಡಿಯವರಿಗೆ ಬಂತು. ಮೀಟರು ತೋರಿಸಿದ ಅಂಕೆಗಳನ್ನು ಅವರು ಹೇಳಿದರು, ಮಗಳು ಬರೆದುಕೊಂಡಳು. ಆ ವಾಲ್ವಿನ ಕ್ಯಾಥೋಡಿನಿಂದ ಚಾಸಿಗೆ ಹೋಗುವ ದಾರಿಯಲ್ಲಿ 470 ಓಮಿನ ರೆಸಿಸ್ಟರು. ಅದರ ಎರಡು ತುದಿಗಳ ನಡುವೆ 20.2 ವೋಲ್ಟ್. ಪ್ಲೇಟಿನಲ್ಲಿ 345 ವೋಲ್ಟ್.

ಅವಳು ಒಂದು ಕ್ಷಣ ಸುಮ್ಮನಿದ್ದಳು. ಬಳಿಕ ಪೆನ್ಸಿಲು ತಾನಾಗಿ ಓಡತೊಡಗಿತು. ವಿಭವಾಂತರವನ್ನು ರೋಧದಿಂದ ಭಾಗಿಸಿದರೆ ವಿದ್ಯುತ್ ಪ್ರವಾಹ: 20.2 ಭಾಗಿಸು 470, ಅಂದರೆ 0.043 ಆಂಪಿಯರ್, 43 ಮಿಲಿಆಂಪಿಯರ್. ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 345ರಲ್ಲಿ 20.2 ಕಳೆದು 324.8 ವೋಲ್ಟ್. ಎರಡನ್ನೂ ಗುಣಿಸಿದರೆ ಸುಮಾರು 14 ವ್ಯಾಟ್. ಪ್ರವಾಹದಲ್ಲಿ ಸುಮಾರು 3 ಮಿಲಿಆಂಪಿಯರ್ ಪ್ಲೇಟಿಗೆ ಹೋಗದೆ ಸ್ಕ್ರೀನ್ ಎಂಬ ಇನ್ನೊಂದು ಜಾಲರಿಗೆ ಹೋಗುತ್ತದೆ ಎಂದು ತಂದೆ ನೆನಪಿಸಿದರು. ಅದನ್ನು ಕಳೆದರೂ 13 ವ್ಯಾಟ್. ಹಳೆಯ ವಾಲ್ವು ಕೈಪಿಡಿಯಲ್ಲಿ 6ವಿ6ರ ಪ್ಲೇಟು ತಾಳುವ ಮಿತಿ 12 ವ್ಯಾಟ್.

“ಜಾಸ್ತಿಯಾಯಿತು ಅಪ್ಪ. ಒಂದು ವ್ಯಾಟ್ ಜಾಸ್ತಿ.”

ಮೂಲವನ್ನು ಹುಡುಕಿದಾಗ ದೋಷ ಪೆಟ್ಟಿಗೆಯದಲ್ಲವೆಂದು ತಿಳಿಯಿತು. ಆ ರಾತ್ರಿ ಗೋಡೆಯ ವಿದ್ಯುತ್ತು 242 ವೋಲ್ಟಿಗೆ ಏರಿತ್ತು. 230ನ್ನು 115ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರು ಅದೇ ಪ್ರಮಾಣದಲ್ಲಿ 121 ವೋಲ್ಟನ್ನು ಕೊಡುತ್ತಿತ್ತು. ಸುತ್ತಿಸುವಾಗ 105 ವೋಲ್ಟಿನ ಇನ್ನೊಂದು ಕವಲನ್ನೂ ತೆಗೆಸಿದ್ದ ಅಂಗಡಿಯವರು ತಂತಿಯನ್ನು ಅದಕ್ಕೆ ಬದಲಿಸಿದರು. ಈಗ ಕ್ಯಾಥೋಡಿನಲ್ಲಿ 18.8, ಪ್ಲೇಟಿನಲ್ಲಿ 316. ಮಗಳು ಮತ್ತೆ ಭಾಗಿಸಿದಳು, ಕಳೆದಳು, ಗುಣಿಸಿದಳು. ಸುಮಾರು 11 ವ್ಯಾಟ್. ವಾಲ್ವಿನ ಆಯುಸ್ಸು ಉಳಿಯಿತು.

ತಂದೆ ಆ ಪುಟವನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದರು. ವಿಭವಾಂತರ, ರೋಧ, ಪ್ರವಾಹ ಎಂದು ಎಡಬದಿಯಲ್ಲಿ ಗುಂಡಗಿನ ಅಕ್ಷರಗಳಲ್ಲಿ ಬರೆದಿತ್ತು. ಅವರು ಈ ವಿದ್ಯೆಯನ್ನು ಕಾಸರಗೋಡಿನ ಇನ್ನೊಂದು ಅಂಗಡಿಯ ಮೂಲೆಯಲ್ಲಿ ಕುಳಿತು, ಅರ್ಧ ಮಲಯಾಳ, ಅರ್ಧ ತುಳುವಿನಲ್ಲಿ ಕಲಿತವರು. ಪುಸ್ತಕದ ಕನ್ನಡದ ಪದಗಳು ಅವರಿಗೇ ಹೊಸವು. ಆದರೆ ಆ ಪದಗಳಿಂದ ಹೊರಟ ಲೆಕ್ಕ ತನ್ನ ಮೀಟರಿನ ಮುಳ್ಳಿಗೆ ಸರಿಯಾಗಿ ಬಂದು ಕೂಡಿತ್ತು. ನಾಳೆ ಪದಗಳು ಬದಲಾಗಬಹುದು. ಇಂದು ಅರ್ಥವಾದದ್ದು ಅವಳ ಕೈ ಬಿಟ್ಟು ಹೋಗಲಾರದು. ಆ ರಾತ್ರಿ ಅವರು ಪುಟವನ್ನು ಮನೆಗೆ ಒಯ್ದು, ಏನೂ ಹೇಳದೆ, ಹೆಂಡತಿಯ ಮುಂದಿಟ್ಟರು.

ಉಳಿದದ್ದು ಸ್ಪೀಕರು. ಎಂಟಿಂಚಿನ ಕಾಗದದ ಶಂಕುವಿನಲ್ಲಿ ಬೆರಳುದ್ದದ ಬಿರುಕಿತ್ತು. ಹೊಸ ಸ್ಪೀಕರು ಸಿಗದೆ ಇರಲಿಲ್ಲ. ಆದರೆ ಒಳಗಿನ ಸುರುಳಿ ಗಟ್ಟಿಯಾಗಿತ್ತು, ಕೈಯಿಂದ ಒತ್ತಿದರೆ ಎಲ್ಲಿಯೂ ಕೆರೆಯದೆ ಚಲಿಸುತ್ತಿತ್ತು. ತೆಳುವಾದ ಕಾಗದವನ್ನು ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಅದ್ದಿ, ಬಿರುಕಿನ ಎರಡೂ ಬದಿಗೆ ಹಚ್ಚಿ, ಮಳೆಗಾಲದ ತೇವಕ್ಕಾಗಿ ಎರಡು ದಿನ ಹೆಚ್ಚು ಒಣಗಿಸಲಾಯಿತು.

ಬಾಯಮ್ಮ ಮೊಮ್ಮಗನೊಂದಿಗೆ ಮತ್ತೆ ಬಂದದ್ದು ಒಂದು ಶನಿವಾರ. ಹುಡುಗ ಗಿಟಾರ್ ಜೋಡಿಸಿ ಮೊದಲು ಮೆಲ್ಲನೆ ಮೀಟಿದ. ಧ್ವನಿ ನೀರಿನಂತೆ ತಿಳಿಯಾಗಿತ್ತು. ಗುಂಡಿಯನ್ನು ಅರ್ಧದಾಚೆ ತಿರುಗಿಸಿದಾಗ ಸ್ವರದ ಅಂಚು ತುಸು ಒರಟಾಯಿತು, ತುಂಬಿಕೊಂಡಿತು. ಇದು ದೋಷವಲ್ಲ. ಒಂದೇ ವಾಲ್ವು ತನ್ನ ಮಿತಿಯತ್ತ ಹೋದಾಗ ಅಲೆಯ ಒಂದು ಬದಿ ಇನ್ನೊಂದಕ್ಕಿಂತ ಮೊದಲು ಚಪ್ಪಟೆಯಾಗುತ್ತದೆ. ಆಗ ಮೂಲ ಸ್ವರದ ಜೊತೆಗೆ ಅದರ ಇಮ್ಮಡಿ ಕಂಪನ, ಅಂದರೆ ಮೇಲಿನ ಸ್ಥಾಯಿಯ ಅದೇ ಸ್ವರ, ನೆರಳಿನಂತೆ ಬಂದು ಸೇರುತ್ತದೆ. ಷಡ್ಜಕ್ಕೆ ಮೇಲಿನ ಷಡ್ಜ ಜೊತೆಗೂಡಿದಂತೆ. ಆದ್ದರಿಂದಲೇ ಅದು ಕಿವಿಗೆ ಕರ್ಕಶವಾಗದೆ ಆಪ್ತವಾಗುತ್ತದೆ. ದೊಡ್ಡ ಆಂಪ್ಲಿಫಯರಿನಲ್ಲಿ ಈ ಗುಣ ಕೇಳಬೇಕಾದರೆ ಓಣಿಯೇ ಎದ್ದು ಬರಬೇಕು. 6 ವ್ಯಾಟಿನ ಈ ಪುಟ್ಟ ಪೆಟ್ಟಿಗೆಯಲ್ಲಿ ಒಂದು ಕೋಣೆಯೊಳಗೆ ಸಿಗುತ್ತದೆ. ಹುಡುಗನ ಮುಖ ಅರಳಿತು.

ಬಾಯಮ್ಮ ಮಾತ್ರ ತಲೆಯಾಡಿಸಿದರು. “ಅದು ಎಲ್ಲಿ ಹೋಯಿತು ಮಗಾ? ಅವರು ಸ್ವಿಚ್ಚು ಹಾಕಿದ ಕೂಡಲೇ ದುಂಬಿಯ ಹಾಗೆ ಒಂದು ಸದ್ದು ಬರುತ್ತಿತ್ತು. ಅಡಿಗೆಮನೆಗೆ ಕೇಳುತ್ತಿತ್ತು. ಅದು ಕೇಳಿದರೆ, ಓ ಕುಳಿತರು ಎಂದು ನಾನು ಚಹಾಕ್ಕೆ ನೀರಿಡುತ್ತಿದ್ದೆ.”

ಅಂಗಡಿಯವರ ಕೈ ನಿಂತಿತು. ಆ ದುಂಬಿಯ ಸದ್ದೇ ಒಣಗಿದ ಕೆಪಾಸಿಟರಿನ ದೋಷ. ಅದನ್ನು ಹೋಗಲಾಡಿಸಿದ್ದೇ ಅವರ ಕೆಲಸದ ಹೆಮ್ಮೆಯಾಗಿತ್ತು. ಸುಳ್ಳು ಹೇಳುವುದು ಸುಲಭವಿತ್ತು. ಅವರು ನಿಜವನ್ನೇ ಹೇಳಿದರು: ಅದು ಪೆಟ್ಟಿಗೆಯ ಕಾಯಿಲೆ, ಗುಣವಾಯಿತು, ಬೇಕೆಂದರೆ ಹಳೆಯದನ್ನು ಮತ್ತೆ ಸೇರಿಸಬಹುದು, ಆದರೆ ಸೇರಿಸಲಾರೆ.

ಬಾಯಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಹುಡುಗನಿಗೆ ನುಡಿಸುವುದನ್ನು ನಿಲ್ಲಿಸಲು ಹೇಳಿ, ಎದ್ದು ಬಂದು ಪೆಟ್ಟಿಗೆಯ ಬಟ್ಟೆಗೆ ಕಿವಿಯಿಟ್ಟರು. ಒಂದೇ ಶಕ್ತಿವಾಲ್ವಿನ ಇಂತಹ ಆಂಪ್ಲಿಫಯರಿನಲ್ಲಿ ಎಷ್ಟು ಒಳ್ಳೆಯ ಕೆಪಾಸಿಟರು ಹಾಕಿದರೂ ಆ ಸದ್ದು ಪೂರ್ತಿ ಸಾಯುವುದಿಲ್ಲ. ಎಲ್ಲೋ ಆಳದಲ್ಲಿ ಎಳೆಯಷ್ಟು ಉಳಿದಿರುತ್ತದೆ. ಅವರು ಬಹಳ ಹೊತ್ತು ಹಾಗೆಯೇ ಬಾಗಿ ನಿಂತಿದ್ದರು. “ಇದೆ,” ಎಂದರು. “ದೂರ ಹೋಗಿದೆ ಅಷ್ಟೇ.” ಮಾರುವ ಮಾತು ಆಮೇಲೆ ಬರಲಿಲ್ಲ.

ತೆಗೆದ ಬಿಡಿಭಾಗಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು ಅಂಗಡಿಯವರು ಬಾಯಮ್ಮನ ಕೈಗೆ ಕೊಟ್ಟರು. ಇನ್ನೊಂದು ಕೆಲಸ ಬಾಕಿಯಿತ್ತು. ದುರಸ್ತಿಯ ವಿವರವನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ಒಳಗೋಡೆಗೆ ಅಂಟಿಸುವುದು ಅವರ ಗುರುಗಳು ಹೇಳಿಕೊಟ್ಟ ಪದ್ಧತಿ. ಮುಂದೆ ತೆರೆಯುವವನಿಗೆ ಅದು ದಾರಿ ತೋರಿಸುತ್ತದೆ. ಅವರು ಕಾಗದವನ್ನು ಮಗಳತ್ತ ಸರಿಸಿದರು.

“ಯಾವ ಭಾಷೆಯಲ್ಲಿ ಬರೆಯಲಿ ಅಪ್ಪ? ಮುಂದೆ ತೆರೆಯುವವರಿಗೆ ಕನ್ನಡ ಬಾರದೆ ಹೋದರೆ?”

“ಅಂಕೆಗಳು ಎಲ್ಲರಿಗೂ ತಿಳಿಯುತ್ತವೆ,” ಎಂದರು ತಂದೆ. “ಉಳಿದದ್ದನ್ನು ನೀನು ಲೆಕ್ಕ ಮಾಡಿದ ಭಾಷೆಯಲ್ಲಿ ಬರೆ. ಬಾರದವರು ಬಂದವರನ್ನು ಕೇಳಿಯಾರು.”

ಅವಳು ತಾರೀಕು ಬರೆದಳು. ಬದಲಿಸಿದ ಕೆಪಾಸಿಟರುಗಳು, ಬದಲಿಸದೆ ಉಳಿಸಿದವು, ಬೆಂಗಳೂರಿನ ವಾಲ್ವು, 18.8 ವೋಲ್ಟ್, 316 ವೋಲ್ಟ್. ಕೊನೆಯ ಸಾಲಿನಲ್ಲಿ, ಯಾರೂ ಹೇಳದಿದ್ದರೂ, ಭೂಸಂಪರ್ಕದ ತಂತಿಯನ್ನು ಯಾವ ಕಾರಣಕ್ಕೂ ಕತ್ತರಿಸಬಾರದು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು.